ರಗ್ಬಿ ಲೀಗ್ ಸುದ್ದಿಯನ್ನು ಎಷ್ಟು ನಂಬಬಹುದು? ಪದೇ ಪದೇ ಕೇಳುವ ಪ್ರಶ್ನೆಗಳು

ಸಿಡ್ನಿಯ ಪಶ್ಚಿಮ ಭಾಗದಲ್ಲಿ, ಪ್ಯಾರಮಟ್ಟಾ, ವೆಸ್ಟ್‌ಮೀಡ್, ವೆಂಟ್‌ವರ್ತ್‌ವಿಲ್ ಸುತ್ತಮುತ್ತ ನೆಲೆಸಿರುವ ಕನ್ನಡಿಗರ ಮನೆಗಳಿಗೆ ಕ್ರಿಕೆಟ್ಟಿನ ಬೆನ್ನಿಗೆ ಇನ್ನೊಂದು ಆಟವೂ ಬಂದು ಸೇರಿದೆ. ಮಕ್ಕಳು ಶಾಲೆಯಲ್ಲಿ ಸ್ನೇಹಿತರ ಜೊತೆ ಸೇರಿ ಪ್ಯಾರಮಟ್ಟಾ ಈಲ್ಸ್ ತಂಡದ ನೀಲಿ-ಹಳದಿ ಬಣ್ಣವನ್ನು ಮೆಚ್ಚಿಕೊಳ್ಳುತ್ತಾರೆ. ಹಿರಿಯರು ಮೊದಲು ನಿಯಮ ಕೇಳಿ ತಿಳಿದುಕೊಳ್ಳುತ್ತಾರೆ, ನಂತರ ಪತ್ರಿಕೆಯ ಕ್ರೀಡಾಪುಟ ತೆರೆಯುತ್ತಾರೆ, ಅಲ್ಲಿಂದ ಗೊಂದಲ ಶುರುವಾಗುತ್ತದೆ. ಸೋಮವಾರ ತಂಡ ಬಿಡುವುದು ಖಚಿತವೆಂದು ಅಚ್ಚಾದ ಆಟಗಾರ ಗುರುವಾರ ಅಲ್ಲೇ ಉಳಿಯುತ್ತಾನೆ. ಲೀಡ್ಸ್, ಮ್ಯಾಂಚೆಸ್ಟರ್ ಕಡೆ ಇರುವವರ ದೂರು ಬೇರೆ: ಅಲ್ಲಿ ಸುದ್ದಿಯೇ ಸಿಗುವುದಿಲ್ಲ. ಈ ಎರಡೂ ಕಡೆಯ ಓದುಗರು ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಿಸಿದ್ದೇನೆ.

ಒಂದೇ ಮಾತಿನಲ್ಲಿ ಹೇಳಿ: ನಂಬಬಹುದೇ, ಬೇಡವೇ?

ಮೈದಾನದೊಳಗಿನ ಸುದ್ದಿಯನ್ನು ನಂಬಿ. ಮೈದಾನದ ಹೊರಗಿನ ಹಣದ ಸುದ್ದಿಯನ್ನು ಓದುವ ಮೊದಲು ಆ ಪತ್ರಿಕೆ ಯಾರದು ಎಂದು ನೋಡಿ. ಪಂದ್ಯದ ವರದಿ, ಗಾಯದ ವಿವರ, ಅಮಾನತಿನ ತೀರ್ಪು, ಅಂಕಪಟ್ಟಿ ಇವುಗಳಲ್ಲಿ ಸಿಡ್ನಿ ಮತ್ತು ಬ್ರಿಸ್ಬೇನ್ ಪತ್ರಿಕೆಗಳು ಬಹಳ ಗಟ್ಟಿ. ಮೂರು ತಲೆಮಾರುಗಳಿಂದ ಆಟ ಬಲ್ಲವರು ಬರೆಯುತ್ತಿದ್ದಾರೆ, ಸಾವಿರಾರು ಜನ ಕಣ್ಣಾರೆ ಕಂಡದ್ದನ್ನು ತಪ್ಪಾಗಿ ಬರೆದು ದಕ್ಕಿಸಿಕೊಳ್ಳುವುದು ಸಾಧ್ಯವೂ ಇಲ್ಲ. ಪ್ರಸಾರ ಹಕ್ಕು, ಹೊಸ ತಂಡ, ಆಡಳಿತಗಾರರ ಸಾಮರ್ಥ್ಯ, ಆಟಗಾರರ ಒಪ್ಪಂದ ಎಂಬಲ್ಲಿಗೆ ಬಂದಾಗ ಮಾತ್ರ ಅದೇ ಪುಟದ ಮಾತಿನ ಬೆಲೆ ಬದಲಾಗುತ್ತದೆ.

ರಗ್ಬಿ ಲೀಗ್ ಎಂದರೆ ಟಿವಿಯಲ್ಲಿ ಕಾಣುವ ರಗ್ಬಿಯೇ ಅಲ್ಲವೇ?

ಅಲ್ಲ. 1895ರ ಆಗಸ್ಟ್ 29ರಂದು ಇಂಗ್ಲೆಂಡಿನ ಹಡರ್ಸ್‌ಫೀಲ್ಡ್ ಪಟ್ಟಣದ ಜಾರ್ಜ್ ಹೋಟೆಲಿನಲ್ಲಿ ಉತ್ತರದ ಕ್ಲಬ್‌ಗಳು ಸಭೆ ಸೇರಿ ರಗ್ಬಿ ಆಡಳಿತದಿಂದ ಹೊರಬಂದವು. ಗಣಿ, ಗಿರಣಿಗಳಲ್ಲಿ ದುಡಿಯುವ ಆಟಗಾರ ಶನಿವಾರ ಆಡಲು ಹೋದರೆ ಅವನ ಕೂಲಿ ಕಡಿತವಾಗುತ್ತಿತ್ತು. ಆ ನಷ್ಟವನ್ನು ಕ್ಲಬ್ ತುಂಬಿಕೊಡಬೇಕು ಎಂಬುದು ಉತ್ತರದವರ ಬೇಡಿಕೆ. ಹವ್ಯಾಸಿ ಆಟದ ಪಾವಿತ್ರ್ಯದ ಮಾತಾಡುತ್ತಿದ್ದ ಸ್ಥಿತಿವಂತರ ಆಡಳಿತ ಅದಕ್ಕೆ ಒಪ್ಪಲಿಲ್ಲ. ಉಳಿದವರ ಆಟ ರಗ್ಬಿ ಯೂನಿಯನ್ ಆಯಿತು, ಬೇರೆಯಾದವರದು ರಗ್ಬಿ ಲೀಗ್. ಬೇರೆಯಾದವರು ನಿಯಮಗಳನ್ನೂ ಬದಲಿಸಿಕೊಂಡು ಬಂದರು. 1906ರಿಂದ ತಂಡಕ್ಕೆ ಹದಿನೈದರ ಬದಲು ಹದಿಮೂರು ಜನ. ಇಂದು ಚೆಂಡು ಹಿಡಿದ ತಂಡಕ್ಕೆ ಆರು ಟ್ಯಾಕಲ್‌ಗಳವರೆಗೆ (ಎದುರಾಳಿ ಹಿಡಿದು ಕೆಡವುವುದು) ಅವಕಾಶವಿದೆ; ಹಿಡಿದು ಕೆಡವಿದ ಮೇಲೆ ಎದ್ದು ಮತ್ತೆ ಆಟ ಮುಂದುವರಿಸಬೇಕು. ಕಬಡ್ಡಿ ನೋಡಿ ಬೆಳೆದವರಿಗೆ ಈ ಹಿಡಿತ-ಬಿಡುಗಡೆಯ ಲಯ ಬಹಳ ಬೇಗ ಕೈವಶವಾಗುತ್ತದೆ.

2025ರ ಜೂನ್ ತಿಂಗಳಲ್ಲಿ ಮುಂಬೈಯಲ್ಲಿ ನಡೆದ ರಗ್ಬಿ ಪ್ರೀಮಿಯರ್ ಲೀಗ್‌ನಲ್ಲಿ ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಡಿದ್ದನ್ನು ಕಂಡು ಹಲವರು ಇದನ್ನೇ ರಗ್ಬಿ ಲೀಗ್ ಎಂದುಕೊಂಡರು. ಅದು ಏಳು ಜನರ ರಗ್ಬಿ, ಯೂನಿಯನ್ ಕುಟುಂಬಕ್ಕೆ ಸೇರಿದ್ದು. ಹೆಸರಿನಲ್ಲಿರುವ ‘ಲೀಗ್’ ಅಲ್ಲಿ ಪಂದ್ಯಾವಳಿಯನ್ನು ಮಾತ್ರ ಸೂಚಿಸುತ್ತದೆ.

ಸುದ್ದಿಯ ವಿಷಯಕ್ಕೆ ಈ ಇತಿಹಾಸ ಏಕೆ ಬೇಕು ಎಂದರೆ, 1895ರಲ್ಲಿ ಬಿದ್ದ ವರ್ಗದ ಗೆರೆ ಬ್ರಿಟಿಷ್ ಪತ್ರಿಕಾ ಕಚೇರಿಗಳಲ್ಲಿ ಇನ್ನೂ ಅಳಿಸಿಲ್ಲ. ಲಂಡನ್ನಿನ ರಾಷ್ಟ್ರೀಯ ಪತ್ರಿಕೆಯಲ್ಲಿ ‘ರಗ್ಬಿ’ ಎಂದಷ್ಟೇ ಬರೆದಿದ್ದರೆ ಅದು ಯೂನಿಯನ್. ಲೀಗ್ ಸುದ್ದಿಯಾದರೆ ಪೂರ್ತಿ ಹೆಸರು ಬರೆದು ಗುರುತು ಹೇಳಬೇಕಾಗುತ್ತದೆ.

ಆಸ್ಟ್ರೇಲಿಯಾದಲ್ಲಿ ಪತ್ರಿಕೆಯ ಮಾಲೀಕರಿಗೂ ಈ ಆಟಕ್ಕೂ ಏನು ಸಂಬಂಧ?

ಸಂಬಂಧ ಎಂಬ ಪದ ಸಾಲದು. ಒಂದು ಕಾಲದಲ್ಲಿ ಅವರು ಆಟವನ್ನೇ ಎರಡು ಹೋಳು ಮಾಡಿದ್ದರು.

1995ರಲ್ಲಿ ರೂಪರ್ಟ್ ಮರ್ಡೋಕ್ ಒಡೆತನದ ನ್ಯೂಸ್ ಲಿಮಿಟೆಡ್ ಸಂಸ್ಥೆಗೆ ಪೇ ಟಿವಿಗಾಗಿ ರಗ್ಬಿ ಲೀಗ್ ಬೇಕಾಗಿತ್ತು. ಹಕ್ಕುಗಳು ಎದುರಾಳಿ ಕೆರ್ರಿ ಪ್ಯಾಕರ್ ಪಾಳೆಯದ ಕೈಯಲ್ಲಿದ್ದವು. ಹಕ್ಕು ಸಿಗದಿದ್ದರೆ ಹೊಸ ಸ್ಪರ್ಧೆಯನ್ನೇ ಕಟ್ಟೋಣವೆಂದು ನ್ಯೂಸ್ ಲಿಮಿಟೆಡ್ ಸೂಪರ್ ಲೀಗ್ ಹೆಸರಿನಲ್ಲಿ ಆಟಗಾರರನ್ನೂ ಕ್ಲಬ್‌ಗಳನ್ನೂ ರಾತ್ರೋರಾತ್ರಿ ಸೆಳೆಯತೊಡಗಿತು. ಆಸ್ಟ್ರೇಲಿಯನ್ ರಗ್ಬಿ ಲೀಗ್ ಪ್ಯಾಕರ್ ಬೆಂಬಲದಿಂದ ಅದಕ್ಕೆ ಸಮನಾಗಿ ಹಣ ಸುರಿಯಿತು. ನ್ಯಾಯಾಲಯದ ಮೆಟ್ಟಿಲು ಹತ್ತಿಳಿದು, 1997ರಲ್ಲಿ ಒಂದೇ ದೇಶದಲ್ಲಿ ಎರಡು ಪ್ರತ್ಯೇಕ ಚಾಂಪಿಯನ್‌ಶಿಪ್‌ಗಳು ನಡೆದವು. 1997ರ ಕೊನೆಗೆ ರಾಜಿಯಾಗಿ 1998ರಲ್ಲಿ ಎನ್‌ಆರ್‌ಎಲ್ (ನ್ಯಾಷನಲ್ ರಗ್ಬಿ ಲೀಗ್) ಶುರುವಾಯಿತು. ಅದರ ಅರ್ಧ ಪಾಲುದಾರಿಕೆ ನ್ಯೂಸ್ ಲಿಮಿಟೆಡ್‌ಗೇ ದಕ್ಕಿತು. 2012ರಲ್ಲಿ ಸ್ವತಂತ್ರ ಆಯೋಗ ಬರುವವರೆಗೆ ಈ ವ್ಯವಸ್ಥೆ ನಡೆಯಿತು.

ಆ ವರ್ಷಗಳಲ್ಲಿ ಸಿಡ್ನಿಯ ಡೈಲಿ ಟೆಲಿಗ್ರಾಫ್ ಓದಿದವರು ಯುದ್ಧದ ಒಂದು ಪಕ್ಷದ ಮಾಲೀಕರ ಪತ್ರಿಕೆಯಲ್ಲಿ ಯುದ್ಧದ ಸುದ್ದಿ ಓದುತ್ತಿದ್ದರು. ನೈನ್ ವಾಹಿನಿ ನೋಡಿದವರು ಇನ್ನೊಂದು ಪಕ್ಷದ ಮಾಲೀಕರ ವಾಹಿನಿ ನೋಡುತ್ತಿದ್ದರು.

ಈಗಲೂ ಗಂಟು ಪೂರ್ತಿ ಬಿಚ್ಚಿಲ್ಲ. ಬ್ರಿಸ್ಬೇನ್ ಬ್ರಾಂಕೋಸ್ ಕ್ಲಬ್ಬಿನ ಬಹುಪಾಲು ಷೇರುಗಳನ್ನು ದೀರ್ಘಕಾಲದಿಂದ ಹೊಂದಿರುವುದು ಅದೇ ಮರ್ಡೋಕ್ ಸಮೂಹದ ನ್ಯೂಸ್ ಕಾರ್ಪ್. ಅದೇ ನಗರದ ಪ್ರಮುಖ ದಿನಪತ್ರಿಕೆ ಕುರಿಯರ್ ಮೇಲ್ ಕೂಡ ನ್ಯೂಸ್ ಕಾರ್ಪ್‌ನದೇ. ಇನ್ನೊಂದು ಕಡೆ, 2018ರ ಡಿಸೆಂಬರಿನಲ್ಲಿ ನೈನ್ ಸಂಸ್ಥೆ ಪತ್ರಿಕಾ ಸಂಸ್ಥೆ ಫೇರ್‌ಫ್ಯಾಕ್ಸ್ ಜೊತೆ ವಿಲೀನವಾಯಿತು. ಹಾಗಾಗಿ ಎನ್‌ಆರ್‌ಎಲ್ ಪಂದ್ಯಗಳನ್ನು ಉಚಿತ ಟಿವಿಯಲ್ಲಿ ತೋರಿಸುವ ನೈನ್ ಇಂದು ಸಿಡ್ನಿ ಮಾರ್ನಿಂಗ್ ಹೆರಾಲ್ಡ್ ಪತ್ರಿಕೆಯ ಒಡೆಯನೂ ಹೌದು. ಪೇ ಟಿವಿ ಹಕ್ಕು ಪಡೆದ ಫಾಕ್ಸ್‌ಟೆಲ್ 2025ರಲ್ಲಿ ಕ್ರೀಡಾ ಪ್ರಸಾರ ಸಂಸ್ಥೆ ಡಾಝೋನ್ ಕೈಗೆ ಹೋಯಿತು. ನ್ಯೂಸ್ ಕಾರ್ಪ್ ಅದಕ್ಕೆ ಬದಲಾಗಿ ಡಾಝೋನ್‌ನಲ್ಲಿ ಸಣ್ಣ ಪಾಲು ಪಡೆಯಿತು. ಸಿಡ್ನಿಯ ಎರಡೂ ದೊಡ್ಡ ದಿನಪತ್ರಿಕೆಗಳಲ್ಲಿ ಯಾವುದನ್ನು ಕೈಗೆತ್ತಿಕೊಂಡರೂ ಈ ಆಟದ ವ್ಯಾಪಾರದಲ್ಲಿ ಅದರ ಮನೆಯವರ ಹಣ ಇದೆ ಅಥವಾ ಇತ್ತು.

ಹಾಗಾದರೆ ಮಾಲೀಕರು ಹೇಳಿದ್ದನ್ನು ವರದಿಗಾರರು ಬರೆಯುತ್ತಾರೆಯೇ?

ಅಷ್ಟು ಸರಳವಾಗಿದ್ದರೆ ಗುರುತಿಸುವುದು ಸುಲಭವಾಗುತ್ತಿತ್ತು. ಸುಳ್ಳು ಬರೆಯುವ ಕ್ರೀಡಾ ವರದಿಗಾರರು ಅಪರೂಪ. ಯಾವ ಸುದ್ದಿಗೆ ಮೊದಲ ಪುಟ, ಯಾವುದಕ್ಕೆ ಒಳಪುಟದ ಮೂಲೆ, ಯಾವುದನ್ನು ಎಷ್ಟು ದಿನ ಎಳೆಯಬೇಕು ಎಂಬ ಆಯ್ಕೆಯಲ್ಲಿ ಒಲವು ಕಾಣುತ್ತದೆ.

2020ರ ಏಪ್ರಿಲ್ ತಿಂಗಳನ್ನು ನೋಡಿ. ಕೋವಿಡ್‌ನಿಂದ ಪಂದ್ಯಗಳು ನಿಂತಿದ್ದವು. ಎನ್‌ಆರ್‌ಎಲ್ ಮೇ 28ಕ್ಕೆ ಆಟ ಮತ್ತೆ ಶುರು ಮಾಡುವ ಯೋಜನೆ ಪ್ರಕಟಿಸಿದಾಗ ನೈನ್ ಸಂಸ್ಥೆ ಒಂದು ಖಾರವಾದ ಹೇಳಿಕೆ ಹೊರಡಿಸಿತು: ವರ್ಷಗಟ್ಟಲೆ ಕೊಟ್ಟ ಹಣವನ್ನು ಆಡಳಿತ ಪೋಲು ಮಾಡಿದೆ ಎಂಬುದು ಅದರ ತಿರುಳು. ಕೆಲವೇ ದಿನಗಳಲ್ಲಿ ಎನ್‌ಆರ್‌ಎಲ್ ಮುಖ್ಯ ಕಾರ್ಯನಿರ್ವಾಹಕ ಟಾಡ್ ಗ್ರೀನ್‌ಬರ್ಗ್ ಹುದ್ದೆ ಬಿಟ್ಟರು. ಅದೇ ಹೊತ್ತಿಗೆ ಪ್ರಸಾರ ಹಕ್ಕಿನ ಮೊತ್ತ ಇಳಿಸುವ ಮಾತುಕತೆ ನಡೆದಿತ್ತು, ಕೊನೆಗೆ ಮೊತ್ತ ಇಳಿಯಿತು ಕೂಡ. ಆಡಳಿತದ ಖರ್ಚಿನ ಬಗ್ಗೆ ನೈನ್ ಹೇಳಿದ್ದರಲ್ಲಿ ಸತ್ಯವಿರಲಿಲ್ಲ ಎಂದು ನಾನು ಹೇಳುತ್ತಿಲ್ಲ. ಎನ್‌ಆರ್‌ಎಲ್ ಬಳಿ ಹೆಚ್ಚು ಉಳಿತಾಯವಿರಲಿಲ್ಲ. ಆದರೆ ಆ ಮಾತನ್ನು ಆಡಿದವರು ಚೌಕಾಸಿಗೆ ಕುಳಿತ ಗಿರಾಕಿ ಎಂಬುದು ಓದುಗರ ಕಣ್ಣಿಗೆ ಬೀಳಬೇಕಿತ್ತು. ಈಗಿನ ಪ್ರಸಾರ ಒಪ್ಪಂದ 2027ರ ಕೊನೆಗೆ ಮುಗಿಯುತ್ತದೆ. ಮುಂದಿನ ಒಪ್ಪಂದ ಕುದುರುವ ಕಾಲದಲ್ಲಿ ‘ಆಟದ ಗುಣಮಟ್ಟ ಕುಸಿದಿದೆ’, ‘ವೀಕ್ಷಕರು ದಾಖಲೆ ಮುರಿದರು’ ಎಂಬ ಎರಡೂ ಬಗೆಯ ತಲೆಬರಹಗಳನ್ನು ಓದುವಾಗ ದಿನಾಂಕ ನೋಡುವುದನ್ನು ರೂಢಿಸಿಕೊಳ್ಳಿ.

ಸೌತ್ ಸಿಡ್ನಿ ಅಭಿಮಾನಿಗಳು ಪತ್ರಿಕೆಯನ್ನೇ ಬಹಿಷ್ಕರಿಸಿದ್ದು ನಿಜವೇ?

ನಿಜ, ಅದಕ್ಕೆ ಕಾರಣವೂ ಗಟ್ಟಿಯಾಗಿತ್ತು. ರಾಜಿಯ ಷರತ್ತಿನಂತೆ ಎನ್‌ಆರ್‌ಎಲ್ ತಂಡಗಳನ್ನು ಹದಿನಾಲ್ಕಕ್ಕೆ ಇಳಿಸಬೇಕಾಗಿತ್ತು. 1908ರ ಮೊದಲ ಋತುವಿನಿಂದ ಆಡುತ್ತಿದ್ದ, ಬೇರೆ ಯಾರಿಗಿಂತಲೂ ಹೆಚ್ಚು ಪ್ರಶಸ್ತಿ ಗೆದ್ದಿದ್ದ ಸೌತ್ ಸಿಡ್ನಿ ರ‍್ಯಾಬಿಟೋಸ್ ತಂಡವನ್ನು 1999ರ ಕೊನೆಗೆ ಹೊರಹಾಕಲಾಯಿತು. ರೆಡ್‌ಫರ್ನ್ ಸುತ್ತಲಿನ ದುಡಿಯುವ ಜನರ, ಮೂಲನಿವಾಸಿಗಳ ತಂಡ ಅದು. ಹತ್ತಾರು ಸಾವಿರ ಜನ ಸಿಡ್ನಿಯ ಬೀದಿಗಿಳಿದರು. ತಂಡವನ್ನು ಕೈಬಿಟ್ಟ ಪಾಲುದಾರರಲ್ಲಿ ಒಬ್ಬರದೇ ಪತ್ರಿಕೆಯನ್ನು ಬೆಳಗಿನ ಚಹಾದ ಜೊತೆ ಕೊಂಡು ಓದುವುದು ಅವರಿಗೆ ಸಹ್ಯವಾಗಲಿಲ್ಲ, ಕೊಳ್ಳುವುದನ್ನೇ ಬಿಟ್ಟರು. ಜಾರ್ಜ್ ಪಿಗಿನ್ಸ್ ಮುಂದಾಳತ್ವದಲ್ಲಿ ನಡೆದ ಮೊಕದ್ದಮೆಯಲ್ಲಿ 2001ರಲ್ಲಿ ಫೆಡರಲ್ ನ್ಯಾಯಾಲಯದ ಪೂರ್ಣಪೀಠ ಕ್ಲಬ್ ಪರ ತೀರ್ಪು ಕೊಟ್ಟಿತು, 2002ರಲ್ಲಿ ತಂಡ ಮರಳಿತು. 2003ರಲ್ಲಿ ದೇಶದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟ್ ಆ ತೀರ್ಪನ್ನು ತಳ್ಳಿಹಾಕಿತಾದರೂ ಅಷ್ಟರಲ್ಲಿ ತಂಡ ಮೈದಾನದಲ್ಲಿತ್ತು. ಹೊರಕಳಿಸುವ ಧೈರ್ಯ ಯಾರಿಗೂ ಇರಲಿಲ್ಲ. 2014ರಲ್ಲಿ ಅವರು ಚಾಂಪಿಯನ್ ಆದರು.

ಅಭಿಮಾನಿಗಳಿಗೆ ಪತ್ರಿಕೆಯ ಮೇಲಿನ ಅಪನಂಬಿಕೆ ಎಲ್ಲಿಂದ ಬಂತು ಎಂದು ಕೇಳುವವರಿಗೆ ನಾನು ಈ ಮೂರು ವರ್ಷಗಳನ್ನು ತೋರಿಸುತ್ತೇನೆ. ಅದು ಅನುಭವದಿಂದ ಬಂದದ್ದು.

ಮಾಲೀಕರ ಸ್ವಂತ ತಂಡವೇ ತಪ್ಪು ಮಾಡಿದಾಗ ಏನಾಯಿತು?

2010ರ ಏಪ್ರಿಲ್ 22ರಂದು ಎನ್‌ಆರ್‌ಎಲ್ ಮುಖ್ಯಸ್ಥ ಡೇವಿಡ್ ಗ್ಯಾಲಪ್ ಮೆಲ್ಬರ್ನ್ ಸ್ಟಾರ್ಮ್ ತಂಡ ಆಟಗಾರರ ಒಟ್ಟು ವೇತನಕ್ಕಿರುವ ಮಿತಿಯನ್ನು ವರ್ಷಗಟ್ಟಲೆ ಮೀರಿದೆ, ಎರಡು ಬಗೆಯ ಲೆಕ್ಕಪತ್ರ ಇಟ್ಟಿತ್ತು ಎಂದು ಪ್ರಕಟಿಸಿದರು. 2007 ಮತ್ತು 2009ರ ಪ್ರಶಸ್ತಿಗಳನ್ನು ಕಿತ್ತುಕೊಳ್ಳಲಾಯಿತು. ಆ ವರ್ಷದ ಉಳಿದ ಪಂದ್ಯಗಳನ್ನು ತಂಡ ಅಂಕವೇ ಇಲ್ಲದೆ ಆಡಿತು.

ಆ ದಿನ ಸ್ಟಾರ್ಮ್ ಕ್ಲಬ್ಬಿನ ಮಾಲೀಕ ನ್ಯೂಸ್ ಲಿಮಿಟೆಡ್. ಶಿಕ್ಷೆ ಕೊಟ್ಟ ಎನ್‌ಆರ್‌ಎಲ್‌ನ ಅರ್ಧ ಪಾಲುದಾರ ನ್ಯೂಸ್ ಲಿಮಿಟೆಡ್. ಸುದ್ದಿ ಬರೆದ ಹಲವು ದೊಡ್ಡ ಪತ್ರಿಕೆಗಳ ಒಡೆಯ ನ್ಯೂಸ್ ಲಿಮಿಟೆಡ್. ಪಂದ್ಯ ತೋರಿಸುವ ಫಾಕ್ಸ್ ಸ್ಪೋರ್ಟ್ಸ್‌ನಲ್ಲಿಯೂ ಅದರದೇ ಪಾಲು.

ಆ ಪತ್ರಿಕೆಗಳು ಸುದ್ದಿಯನ್ನು ಮುಚ್ಚಿಡಲಿಲ್ಲ, ಅದನ್ನು ಒಪ್ಪಿಕೊಳ್ಳಲೇಬೇಕು. ಪುಟಗಟ್ಟಲೆ ಬರೆದರು. ಆದರೆ ತಪ್ಪು ಮಾಡಿದವನೂ ತೀರ್ಪುಗಾರನೂ ಸುದ್ದಿಗಾರನೂ ಒಂದೇ ಮನೆಯವರಾದಾಗ, ಮೇಲಿನವರಿಗೆ ಎಷ್ಟು ಗೊತ್ತಿತ್ತು ಎಂಬ ಪ್ರಶ್ನೆಗೆ ಸಿಕ್ಕ ಉತ್ತರವನ್ನು ಓದುಗರು ಅರೆಮನಸ್ಸಿನಿಂದಲೇ ಕೇಳಿಸಿಕೊಂಡರು. ಪ್ರಾಮಾಣಿಕವಾಗಿ ಬರೆದ ವರದಿಗಾರನ ಮಾತಿಗೂ ಬೆಲೆ ಕಡಿಮೆಯಾಯಿತು. ಇದು ಆ ವರದಿಗಾರರಿಗೂ ಆದ ಅನ್ಯಾಯ. 2013ರಲ್ಲಿ ನ್ಯೂಸ್ ಸಂಸ್ಥೆ ಸ್ಟಾರ್ಮ್ ಅನ್ನು ಮಾರಿತು.

ಮುಖ್ಯವಾಹಿನಿ ಮಾಧ್ಯಮ ಈ ಆಟಕ್ಕೆ ಒಳ್ಳೆಯದು ಮಾಡಿದ್ದೇ ಇಲ್ಲವೇ?

ಮಾಡಿದೆ, ಅದೂ ಸಣ್ಣ ಪ್ರಮಾಣದಲ್ಲಲ್ಲ. ‘ಮಾಧ್ಯಮದವರೆಲ್ಲ ಮಾರಿಕೊಂಡವರು’ ಎನ್ನುವ ಅಭಿಮಾನಿಗಳು ಎರಡು ಘಟನೆಗಳನ್ನು ನೆನಪಿಟ್ಟುಕೊಳ್ಳಬೇಕು.

ಮೊದಲನೆಯದು 1983ರದು. ಸರ್ಕಾರಿ ಪ್ರಸಾರ ಸಂಸ್ಥೆ ಎಬಿಸಿಯ ಫೋರ್ ಕಾರ್ನರ್ಸ್ ಕಾರ್ಯಕ್ರಮದಲ್ಲಿ ವರದಿಗಾರ ಕ್ರಿಸ್ ಮಾಸ್ಟರ್ಸ್, ನ್ಯೂ ಸೌತ್ ವೇಲ್ಸ್ ರಗ್ಬಿ ಲೀಗ್ ಮುಖ್ಯಸ್ಥ ಕೆವಿನ್ ಹಂಫ್ರೀಸ್ ಮೇಲಿದ್ದ ಹಣ ದುರುಪಯೋಗದ ಮೊಕದ್ದಮೆ ಹಿಂದೆ ಹೇಗೆ ಬಿದ್ದುಹೋಯಿತು ಎಂಬುದನ್ನು ಬಯಲಿಗೆಳೆದರು. ಹಂಫ್ರೀಸ್ ರಾಜೀನಾಮೆ ಕೊಟ್ಟರು. ರಾಯಲ್ ಆಯೋಗ ರಚನೆಯಾಯಿತು. ರಾಜ್ಯದ ಪ್ರೀಮಿಯರ್ (ಮುಖ್ಯಮಂತ್ರಿ) ನೆವಿಲ್ ರಾನ್ ತನಿಖೆ ಮುಗಿಯುವವರೆಗೆ ಹುದ್ದೆಯಿಂದ ಪಕ್ಕಕ್ಕೆ ಸರಿದರು, ನಂತರ ದೋಷಮುಕ್ತರಾದರು. ಮೊಕದ್ದಮೆಯಲ್ಲಿ ಕೈಯಾಡಿಸಿದ್ದಕ್ಕೆ ಮುಖ್ಯ ಮ್ಯಾಜಿಸ್ಟ್ರೇಟ್ ಮರ‍್ರೇ ಫಾರ್ಕ್ಹರ್ ಜೈಲಿಗೆ ಹೋದರು.

ಎರಡನೆಯದು 2002ರದು. ಕ್ಯಾಂಟರ್‌ಬರಿ ಬುಲ್‌ಡಾಗ್ಸ್ ಸಾಲುಸಾಲಾಗಿ ಪಂದ್ಯ ಗೆದ್ದು ಅಂಕಪಟ್ಟಿಯ ತುದಿಯಲ್ಲಿತ್ತು. ಸಿಡ್ನಿ ಮಾರ್ನಿಂಗ್ ಹೆರಾಲ್ಡ್‌ನ ಆನ್ ಡೇವಿಸ್ ಮತ್ತು ಕೇಟ್ ಮೆಕ್‌ಕ್ಲೈಮಂಟ್, ಸಿಡ್ನಿಯ ಲಿವರ್‌ಪೂಲ್ ಬಡಾವಣೆಯಲ್ಲಿ ಕ್ಲಬ್ ಕೈಹಾಕಿದ್ದ ಒಂದು ಭಾರಿ ಕಟ್ಟಡ ಯೋಜನೆಯ ಹಣದ ಜಾಡು ಹಿಡಿದರು. ಆ ಜಾಡಿನಲ್ಲಿ ಆಟಗಾರರಿಗೆ ಲೆಕ್ಕದ ಹೊರಗೆ ಸಂದ ಹಣವೂ ಕಂಡಿತು. ಬುಲ್‌ಡಾಗ್ಸ್‌ನ 37 ಅಂಕಗಳನ್ನು ಕಡಿತಗೊಳಿಸಲಾಯಿತು. ಮೊದಲ ಸ್ಥಾನದಲ್ಲಿದ್ದ ತಂಡ ಒಂದೇ ದಿನದಲ್ಲಿ ಕೊನೆಯ ಸ್ಥಾನಕ್ಕೆ ಬಂತು. ಆ ವರದಿಗೆ ಆಸ್ಟ್ರೇಲಿಯಾ ಪತ್ರಿಕೋದ್ಯಮದ ಅತ್ಯುನ್ನತ ಗೌರವವಾದ ಗೋಲ್ಡ್ ವಾಕ್ಲಿ ಸಂದಿತು.

ಈ ಎರಡೂ ಕೆಲಸಗಳಲ್ಲಿ ಒಂದು ಸಂಗತಿ ಸಮಾನ: ಇವರು ಯಾರೂ ಪ್ರತಿದಿನ ಕ್ಲಬ್ಬಿನ ಅಭ್ಯಾಸಕ್ಕೆ ಹೋಗಿ ಕೋಚ್ ಜೊತೆ ಮಾತಾಡಿ ಬರುವ ಕ್ರೀಡಾ ವರದಿಗಾರರಾಗಿರಲಿಲ್ಲ, ತನಿಖಾ ವರದಿಗಾರರಾಗಿದ್ದರು. ನಾಳೆಯೂ ಅದೇ ಬಾಗಿಲು ತಟ್ಟಬೇಕಾದವನಿಗೆ ಇಂದು ಆ ಮನೆಯ ತಿಜೋರಿಯ ಲೆಕ್ಕ ಕೇಳುವುದು ಕಷ್ಟ. ಇದರಲ್ಲಿ ಕ್ರೀಡಾ ವರದಿಗಾರರ ನೀತಿಗೆಟ್ಟತನ ಹುಡುಕಬೇಡಿ, ಅವರ ಕೆಲಸದ ಸ್ವರೂಪವೇ ಹಾಗೆ. ಓದುಗರಾಗಿ ನಾವು ಮಾಡಬೇಕಾದದ್ದು, ಕ್ರೀಡಾಪುಟದ ಜೊತೆಗೆ ಅದೇ ಪತ್ರಿಕೆಯ ನ್ಯಾಯಾಲಯ ಮತ್ತು ವಾಣಿಜ್ಯ ಪುಟಗಳಲ್ಲೂ ಕ್ಲಬ್ಬುಗಳ ಹೆಸರು ಹುಡುಕುವುದು.

ಆಟಗಾರ ತಂಡ ಬಿಡುತ್ತಾನೆ ಎಂಬ ಸುದ್ದಿ ಏಕೆ ಇಷ್ಟು ಸಲ ಸುಳ್ಳಾಗುತ್ತದೆ?

ಎನ್‌ಆರ್‌ಎಲ್ ನಿಯಮದಂತೆ, ಒಪ್ಪಂದದ ಕೊನೆಯ ವರ್ಷಕ್ಕೆ ಕಾಲಿಡುವ ಆಟಗಾರ ನವೆಂಬರ್ 1ರಿಂದ ಬೇರೆ ಕ್ಲಬ್ಬುಗಳ ಜೊತೆ ಮಾತಾಡಬಹುದು. ಅಂದರೆ ಒಬ್ಬ ಆಟಗಾರ ಇಡೀ ಒಂದು ಋತುವನ್ನು ಒಂದು ತಂಡದಲ್ಲಿ ಆಡುತ್ತಲೇ ಮುಂದಿನ ವರ್ಷಕ್ಕೆ ಇನ್ನೊಂದು ತಂಡಕ್ಕೆ ಸಹಿ ಹಾಕಿರಬಹುದು. ಈ ವಿಚಿತ್ರ ವ್ಯವಸ್ಥೆ ವರ್ಷಪೂರ್ತಿ ಊಹಾಪೋಹಕ್ಕೆ ಮೇವು ಒದಗಿಸುತ್ತದೆ.

ಇಂಥ ಒಂದು ವರದಿಯನ್ನು ಹತ್ತಿರದಿಂದ ನೋಡೋಣ. ತಲೆಬರಹದಲ್ಲಿ ಆಟಗಾರನ ಹೆಸರು, ದೊಡ್ಡ ಮೊತ್ತ, ಒಂದು ಪ್ರಶ್ನಾರ್ಥಕ ಚಿಹ್ನೆ. ಮೊದಲ ಪ್ಯಾರಾದಲ್ಲಿ ‘ಆಸಕ್ತಿ ತೋರಿದೆ’ ಎಂಬ ಕ್ರಿಯಾಪದ. ಎರಡನೆಯದರಲ್ಲಿ ‘ಆಟಗಾರನಿಗೆ ಹತ್ತಿರವಿರುವವರ ಪ್ರಕಾರ’. ಈಗಿನ ಕ್ಲಬ್ಬಿನ ಪ್ರತಿಕ್ರಿಯೆ ಕೊನೆಯ ಪ್ಯಾರಾದಲ್ಲಿ, ಅದೂ ಒಂದೇ ಸಾಲು. ಇಲ್ಲಿ ಯಾರಿಗೆ ಲಾಭ ಎಂದು ಕೇಳಿಕೊಳ್ಳಿ. ಎದುರಾಳಿ ತಂಡವೊಂದು ಆಸಕ್ತಿ ತೋರಿದೆ ಎಂಬ ಮಾತು ಅಚ್ಚಾದ ಮರುದಿನ ಈಗಿನ ಕ್ಲಬ್ ಮುಂದಿಡುವ ಮೊತ್ತ ಏರುತ್ತದೆ. ಆ ಏರಿಕೆಯಲ್ಲಿ ಆಟಗಾರನ ಏಜೆಂಟಿಗೆ ಪಾಲಿದೆ. ವರದಿ ಸುಳ್ಳಾಗಿರಬೇಕಿಲ್ಲ, ಯಾರೋ ಒಬ್ಬರು ಅದನ್ನು ನಿಜವಾಗಿಯೂ ಹೇಳಿರುತ್ತಾರೆ. ಹೇಳಿದವರ ಉದ್ದೇಶ ಮಾತ್ರ ಅಚ್ಚಾಗಿರುವುದಿಲ್ಲ.

ಕ್ಲಬ್ ಅಧಿಕೃತವಾಗಿ ಪ್ರಕಟಿಸುವವರೆಗೆ ಇದನ್ನು ಸುದ್ದಿಯೆಂದು ಪರಿಗಣಿಸಬೇಡಿ. ಮಕ್ಕಳ ಮನಸ್ಸಿಗಂತೂ ಹಚ್ಚಲೇಬೇಡಿ. ನೆಚ್ಚಿನ ಆಟಗಾರ ಹೊರಡುತ್ತಾನೆಂದು ಹತ್ತು ವರ್ಷದ ಮಗು ಊಟ ಬಿಟ್ಟ ಮನೆಗಳನ್ನು ನಾನು ಬಲ್ಲೆ.

ಇಂಗ್ಲೆಂಡಿನಲ್ಲಿರುವ ನಮಗೆ ಸುದ್ದಿಯೇ ಸಿಗುವುದಿಲ್ಲವಲ್ಲ?

ನಿಮ್ಮ ಸಮಸ್ಯೆ ಇನ್ನೂ ಕಠಿಣ. ಆಸ್ಟ್ರೇಲಿಯಾದ ಓದುಗನಿಗೆ ಅತಿಯಾದ, ಒಲವಿರುವ ಸುದ್ದಿ. ಅದನ್ನು ಜರಡಿ ಹಿಡಿಯಬಹುದು. ನಿಮಗೆ ಜರಡಿ ಹಿಡಿಯಲೂ ಏನೂ ಇಲ್ಲ.

ಹಳೆಯ ಕೋಪವೊಂದಿದೆ. ಬಿಬಿಸಿಯ ರಗ್ಬಿ ಲೀಗ್ ವೀಕ್ಷಕ ವಿವರಣೆಕಾರ ಎಡ್ಡಿ ವೇರಿಂಗ್ ದೇಶಕ್ಕೆಲ್ಲ ಪ್ರಿಯರಾಗಿದ್ದರು, ಆದರೆ ಉತ್ತರದ ಹಲವು ಅಭಿಮಾನಿಗಳಿಗೆ ಅವರ ಶೈಲಿ ತಮ್ಮ ಆಟವನ್ನು ಹಾಸ್ಯದ ವಸ್ತುವಾಗಿಸಿದಂತೆ ಕಂಡಿತು. 1970ರ ದಶಕದಲ್ಲಿ ಸಾವಿರಾರು ಸಹಿಗಳ ಮನವಿಯೊಂದು ಬಿಬಿಸಿಗೆ ಹೋಯಿತು. ಬೇಡಿಕೆ ಸರಳ: ನಮ್ಮ ಆಟವನ್ನು ಗಂಭೀರವಾಗಿ ತೋರಿಸಿ.

1995ರಲ್ಲಿ ಸ್ಕೈ ವಾಹಿನಿಯ ಹಣ ಬಂತು, ಐದು ವರ್ಷಕ್ಕೆ 8.7 ಕೋಟಿ ಪೌಂಡ್. ಬದಲಿಗೆ ಚಳಿಗಾಲದ ಆಟ ಬೇಸಿಗೆಗೆ ಸರಿಯಿತು, ಇಂಗ್ಲೆಂಡಿನ ಮೇಲಿನ ದರ್ಜೆಯ ಸ್ಪರ್ಧೆಯಾಗಿ ಇಲ್ಲಿಯೂ ಸೂಪರ್ ಲೀಗ್ ಹೆಸರಿನದೇ ಒಂದು ಹುಟ್ಟಿತು. ಕ್ಯಾಸಲ್‌ಫರ್ಡ್, ವೇಕ್‌ಫೀಲ್ಡ್, ಫೆದರ್‌ಸ್ಟೋನ್‌ನಂಥ ನೆರೆಹೊರೆಯ ಕ್ಲಬ್‌ಗಳನ್ನು ಬೆಸೆದು ಒಂದೇ ಮಾಡುವ ಯೋಜನೆಯೂ ಜೊತೆಗಿತ್ತು. ಜನರ ಪ್ರತಿಭಟನೆಗೆ ಅದು ಬಿದ್ದುಹೋಯಿತು. ಪೇ ಟಿವಿ ಆಟಕ್ಕೆ ಬದುಕು ಕೊಟ್ಟಿತು, ಆದರೆ ಚಂದಾ ಕಟ್ಟದವರ ಕಣ್ಣಿನಿಂದ ಅದನ್ನು ಮರೆಯಾಗಿಸಿತು. ಕಣ್ಣಿಗೆ ಬೀಳದ ಆಟಕ್ಕೆ ಸಂಪಾದಕರು ಪುಟ ಕೊಡುವುದಿಲ್ಲ.

ಈ ಅದೃಶ್ಯತೆಗೆ ಈಗ ನೇರ ಬೆಲೆಯೂ ಇದೆ. 2022ರಲ್ಲಿ ಆಟದ ಆಡಳಿತ ಕ್ರೀಡಾ ವ್ಯಾಪಾರ ಸಂಸ್ಥೆ ಐಎಂಜಿ ಜೊತೆ ಕೈಜೋಡಿಸಿದ ಮೇಲೆ ಬಂದ ಶ್ರೇಣಿ ಪದ್ಧತಿಯಲ್ಲಿ ಕ್ಲಬ್‌ಗೆ ಗರಿಷ್ಠ 20 ಅಂಕ, 15 ಅಥವಾ ಹೆಚ್ಚು ಪಡೆದರೆ ಎ ಶ್ರೇಣಿ. ಮೈದಾನದ ಸಾಧನೆಯಷ್ಟೇ ತೂಕ ಪ್ರೇಕ್ಷಕರ ಸಂಖ್ಯೆ, ಟಿವಿ ವೀಕ್ಷಣೆ, ಡಿಜಿಟಲ್ ಹಿಂಬಾಲಕರಿಗೂ ಇದೆ. ಮಾಧ್ಯಮ ನಿರ್ಲಕ್ಷಿಸಿದ ಸಣ್ಣ ಪಟ್ಟಣದ ಕ್ಲಬ್, ಆ ನಿರ್ಲಕ್ಷ್ಯದ ಕಾರಣಕ್ಕೇ ಮೇಲಿನ ದರ್ಜೆಯ ಬಾಗಿಲಲ್ಲಿ ಎಡವಬಹುದು. ನನಗೆ ಇದು ಸರಿಯೆನಿಸುವುದಿಲ್ಲ.

ಆದರೂ ದಾರಿಗಳಿವೆ. ಯಾರ್ಕ್‌ಷೈರ್ ಪೋಸ್ಟ್, ಹಲ್ ಡೈಲಿ ಮೇಲ್‌ನಂಥ ಪ್ರಾದೇಶಿಕ ಪತ್ರಿಕೆಗಳು, ವಾರಪತ್ರಿಕೆ ಲೀಗ್ ಎಕ್ಸ್‌ಪ್ರೆಸ್, ಬಿಬಿಸಿಯ ಸ್ಥಳೀಯ ರೇಡಿಯೋ ಕೇಂದ್ರಗಳು. ಈ ಆಟದ ವಿಷಯದಲ್ಲಿ ಲಂಡನ್ನಿಗಿಂತ ಹಲ್ ನಗರದ ಸುದ್ದಿಮನೆಗೆ ಹೆಚ್ಚು ಗೊತ್ತು.

ಅಂಕಗಳನ್ನು ಸರಿಯಾಗಿ ಬರೆದರೆ ಸಾಲದೇ?

ಸಾಲದು. 2025ರ ಸೂಪರ್ ಲೀಗ್‌ನ ಮೊದಲ ವಾರದಲ್ಲಿ ಸೇಂಟ್ ಹೆಲೆನ್ಸ್ 82, ಸ್ಯಾಲ್ಫರ್ಡ್ 0. ಫಲಿತಾಂಶದ ಅಂಕಣದಲ್ಲಿ ಇಷ್ಟನ್ನೇ ಕಂಡವರು ಸ್ಯಾಲ್ಫರ್ಡ್ ತಂಡ ಹೀನಾಯವೆಂದುಕೊಂಡಿರಬೇಕು. ಹಣಕಾಸಿನ ಬಿಕ್ಕಟ್ಟಿನಲ್ಲಿದ್ದ ಆ ಕ್ಲಬ್ ತನ್ನ ವೇತನ ವೆಚ್ಚವನ್ನು 12 ಲಕ್ಷ ಪೌಂಡ್ ಒಳಗಿಡಬೇಕೆಂದು ಆಡಳಿತ ನಿರ್ಬಂಧ ಹಾಕಿತ್ತು. ಹಾಗಾಗಿ ಹಿರಿಯ ಆಟಗಾರರನ್ನು ಹೊರಗಿಟ್ಟು ಹುಡುಗರ ತಂಡವನ್ನು ಕಣಕ್ಕಿಳಿಸಿತು. ಆ ಹುಡುಗರು ಎಂಬತ್ತು ನಿಮಿಷ ಓಡಿದರು, ಬಿದ್ದರು, ಎದ್ದರು. 82-0 ಎಂಬ ಸಂಖ್ಯೆಯಲ್ಲಿ ತಪ್ಪಿಲ್ಲ, ಆದರೆ ಆ ಸಂಜೆ ನಡೆದದ್ದು ಅದರಲ್ಲಿಲ್ಲ. ತಿಂಗಳುಗಟ್ಟಲೆ ಬಾಕಿ ಸಂಬಳ, ಮಾಲೀಕತ್ವದ ಬದಲಾವಣೆಯ ಕಥೆಯನ್ನು ಬೆನ್ನುಹತ್ತಿದವರು ಮ್ಯಾಂಚೆಸ್ಟರಿನ ಸ್ಥಳೀಯ ಪತ್ರಿಕೆಗಳು ಮತ್ತು ಬಿಬಿಸಿಯ ಲೀಗ್ ವರದಿಗಾರರು.

ಮಾಧ್ಯಮದ ನಿರ್ಲಕ್ಷ್ಯಕ್ಕಿಂತ ಕೆಟ್ಟದ್ದು ಏನಾದರೂ ನಡೆದಿದೆಯೇ?

ಫ್ರಾನ್ಸಿನಲ್ಲಿ ನಡೆದಿದೆ. 1930ರ ದಶಕದಲ್ಲಿ ಅಲ್ಲಿ ಲೀಗ್ ವೇಗವಾಗಿ ಬೆಳೆಯುತ್ತಿತ್ತು. 1941ರಲ್ಲಿ ನಾಜಿಗಳ ಜೊತೆ ಕೈಜೋಡಿಸಿದ್ದ ವಿಶಿ ಸರ್ಕಾರ ಅದನ್ನು ನಿಷೇಧಿಸಿ, ಆಸ್ತಿ ಮುಟ್ಟುಗೋಲು ಹಾಕಿತು. ಯುದ್ಧ ಮುಗಿದ ಮೇಲೂ ‘ರಗ್ಬಿ’ ಎಂಬ ಹೆಸರು ಬಳಸುವ ಹಕ್ಕಿಲ್ಲದೆ ‘ಹದಿಮೂರರ ಆಟ’ ಎಂದು ಕರೆದುಕೊಳ್ಳಬೇಕಾಯಿತು. ಹೆಸರು ಮರಳಿದ್ದು 1990ರ ದಶಕದಲ್ಲಿ. ಫ್ರಾನ್ಸಿನ ಪರ್ಪಿನ್ಯಾನ್ ನಗರದ ಕ್ಯಾಟಲನ್ಸ್ ಡ್ರಾಗನ್ಸ್ 2018ರಲ್ಲಿ ವೆಂಬ್ಲಿಯಲ್ಲಿ ಚಾಲೆಂಜ್ ಕಪ್ ಗೆದ್ದಾಗ ನನಗೆ ಆದ ಸಂತೋಷಕ್ಕೆ ಈ ಇತಿಹಾಸವೇ ಕಾರಣ.

ತಲೆಗೆ ಬೀಳುವ ಪೆಟ್ಟಿನ ಬಗ್ಗೆ ಮಾಧ್ಯಮ ನಿಜ ಹೇಳುತ್ತಿದೆಯೇ?

ಈಗ ಹೇಳುತ್ತಿದೆ, ಆದರೆ ತಡವಾಗಿ. ದಶಕಗಳ ಕಾಲ ಪ್ರಸಾರಕರು ಭೀಕರ ಡಿಕ್ಕಿಗಳನ್ನೂ ಹೊಡೆದಾಟಗಳನ್ನೂ ಜಾಹೀರಾತಿನಲ್ಲಿ ಬಳಸಿಕೊಂಡರು. ಭುಜದಿಂದ ಅಪ್ಪಳಿಸುವುದನ್ನು 2013ರ ಋತುವಿನಿಂದ ನಿಷೇಧಿಸಿದಾಗ ಆಟದ ಆತ್ಮವೇ ಹೋಯಿತೆಂಬ ಕೂಗು ಎದ್ದಿತು. 2019ರಲ್ಲಿ ಸಿಡ್ನಿಯ ಸಂಶೋಧಕರು ಇಬ್ಬರು ಮಾಜಿ ಆಟಗಾರರ ಮಿದುಳಿನಲ್ಲಿ ಸಿಟಿಇ ಎಂಬ ಕ್ಷಯಿಸುವ ಕಾಯಿಲೆಯನ್ನು ಗುರುತಿಸಿ ಪ್ರಕಟಿಸಿದರು. 2021ರ ಮೇನಲ್ಲಿ ತಲೆಗೆ ತಾಗುವ ಟ್ಯಾಕಲ್‌ಗಳಿಗೆ ರೆಫರಿಗಳು ಒಂದೇ ವಾರಾಂತ್ಯದಲ್ಲಿ ಸಾಲುಸಾಲು ಆಟಗಾರರನ್ನು ಹೊರಗೆ ಕಳಿಸಿದಾಗ, ಮಾಜಿ ಆಟಗಾರರೇ ತುಂಬಿದ್ದ ವೀಕ್ಷಕ ವಿವರಣೆಯ ಕೋಣೆಗಳಲ್ಲಿ ಅಸಮಾಧಾನ ಸ್ಪಷ್ಟವಾಗಿ ಕೇಳಿಸಿತು.

ಮಾಜಿ ಆಟಗಾರರಿಗೆ ಟ್ಯಾಕಲ್‌ನ ತಂತ್ರದ ಬಗ್ಗೆ ಇರುವ ಜ್ಞಾನ ದೊಡ್ಡದು, ಅದನ್ನು ಗೌರವಿಸಿ. ನರವಿಜ್ಞಾನದ ವಿಷಯದಲ್ಲಿ ನರವೈದ್ಯರ ಮಾತು ಕೇಳಿ. ಮಗ ಅಥವಾ ಮಗಳು ಜೂನಿಯರ್ ಲೀಗ್ ಆಡಲು ಕೇಳಿದರೆ, ಕ್ಲಬ್ಬಿನವರ ಬಳಿ ಕನ್‌ಕಷನ್ (ತಲೆಪೆಟ್ಟು) ನಿಯಮಾವಳಿ ಏನು, ಟ್ಯಾಕಲ್ ಇಲ್ಲದ ಆಟದ ವಿಭಾಗ ಇದೆಯೇ ಎಂದು ಕೇಳಿ ತಿಳಿದುಕೊಳ್ಳಿ.

ಪೆಸಿಫಿಕ್ ದ್ವೀಪಗಳ ತಂಡಗಳ ಬಗ್ಗೆ ಏಕೆ ಕಡಿಮೆ ಓದುತ್ತೇವೆ?

ಸಿಡ್ನಿಯ ಮಾಧ್ಯಮದ ಹಣ ಕ್ಲಬ್ ಪಂದ್ಯಗಳಲ್ಲಿ ಮತ್ತು ನ್ಯೂ ಸೌತ್ ವೇಲ್ಸ್-ಕ್ವೀನ್ಸ್‌ಲ್ಯಾಂಡ್ ರಾಜ್ಯಗಳ ನಡುವಿನ ಸ್ಟೇಟ್ ಆಫ್ ಒರಿಜಿನ್ ಸರಣಿಯಲ್ಲಿ ಹೂಡಿಕೆಯಾಗಿದೆ. 2019ರಲ್ಲಿ ಟೊಂಗಾ ಆಸ್ಟ್ರೇಲಿಯಾವನ್ನು 16-12ರಿಂದ ಸೋಲಿಸಿತು. 2022ರಲ್ಲಿ ಸಮೋವಾ ಇಂಗ್ಲೆಂಡನ್ನು ಅದರದೇ ನೆಲದಲ್ಲಿ 27-26ರಿಂದ ಮಣಿಸಿ ವಿಶ್ವಕಪ್ ಫೈನಲ್ ತಲುಪಿತು. ಆಟದ ಚರಿತ್ರೆಯಲ್ಲೇ ದೊಡ್ಡ ದಿನಗಳಿವು. ಒರಿಜಿನ್ ಪಂದ್ಯಕ್ಕೆ ಎರಡು ವಾರ ಮೊದಲೇ ಸಿಗುವ ಪುಟಗಳ ಒಂದು ಪಾಲೂ ಇವುಗಳಿಗೆ ಸಿಗಲಿಲ್ಲ ಎಂಬುದು ನನ್ನ ಬೇಸರ.

2028ರಲ್ಲಿ ಎನ್‌ಆರ್‌ಎಲ್‌ಗೆ ಬರಲಿರುವ ಪಪುವಾ ನ್ಯೂಗಿನಿ ತಂಡಕ್ಕೆ ಮಾತ್ರ ಧಾರಾಳ ಪ್ರಚಾರ. ಆಸ್ಟ್ರೇಲಿಯಾ ಸರ್ಕಾರ ಹತ್ತು ವರ್ಷಗಳಲ್ಲಿ 60 ಕೋಟಿ ಆಸ್ಟ್ರೇಲಿಯನ್ ಡಾಲರ್ ಕೊಡುವುದಾಗಿ ಹೇಳಿರುವ, ಚೀನಾದ ಪ್ರಭಾವದ ಲೆಕ್ಕಾಚಾರವೂ ಬೆರೆತಿರುವ ಯೋಜನೆ ಅದು. ಹಾಗಾಗಿ ಆಟಗಾರರಿಗಿಂತ ರಾಜತಂತ್ರಕ್ಕೆ ಹೆಚ್ಚು ಪುಟ. ಅಲ್ಲಿನ ಪೋಸ್ಟ್-ಕುರಿಯರ್ ದಿನಪತ್ರಿಕೆಯಲ್ಲೂ ನ್ಯೂಸ್ ಕಾರ್ಪ್ ಪಾಲಿದೆ ಎಂಬುದು ತಿಳಿದಿರಲಿ.

ಎನ್‌ಆರ್‌ಎಲ್ ಮತ್ತು ಕ್ಲಬ್ಬುಗಳ ಸ್ವಂತ ಜಾಲತಾಣಗಳು ಹೆಚ್ಚು ನಂಬಿಕೆಗೆ ಅರ್ಹವೇ?

ತಂಡದ ಪಟ್ಟಿ, ಗಾಯ, ಟಿಕೆಟ್, ಅಂಕಿಅಂಶಗಳಿಗೆ ಅವೇ ಮೊದಲ ಆಧಾರ. ತಮ್ಮದೇ ತಪ್ಪುಗಳ ಬಗ್ಗೆ ಅವರು ಬರೆಯುತ್ತಾರೆಂದು ಕಾಯಬೇಡಿ. 1970ರಿಂದ ನಡೆದುಬಂದಿದ್ದ ರಗ್ಬಿ ಲೀಗ್ ವೀಕ್ 2017ರಲ್ಲಿ ಮುಚ್ಚಿದ ಮೇಲೆ ಈ ಅಧಿಕೃತ ತಾಣಗಳ ತೂಕ ಇನ್ನೂ ಹೆಚ್ಚಿದೆ. ಆಟವನ್ನು ಪ್ರೀತಿಸುತ್ತಲೇ ಅದನ್ನು ಪ್ರಶ್ನಿಸುತ್ತಿದ್ದ ಪುಟಗಳು ಕಡಿಮೆಯಾಗಿವೆ.

ಹಾಗಾದರೆ ಏನನ್ನು ಓದಲಿ?

ಆಸ್ಟ್ರೇಲಿಯಾದಲ್ಲಿದ್ದರೆ ಪಂದ್ಯದ ವರದಿಯನ್ನು ಯಾವುದೇ ದೊಡ್ಡ ಪತ್ರಿಕೆಯಲ್ಲಿ ಓದಿ. ಹಣದ ಸುದ್ದಿಯನ್ನು ಟೆಲಿಗ್ರಾಫ್ ಮತ್ತು ಹೆರಾಲ್ಡ್ ಎರಡರಲ್ಲೂ ಓದಿ. ಇಬ್ಬರೂ ಪೈಪೋಟಿಯ ಮನೆಗಳವರಾದ್ದರಿಂದ ಒಬ್ಬರು ಬಿಟ್ಟದ್ದು ಇನ್ನೊಬ್ಬರಲ್ಲಿ ಸಿಗುತ್ತದೆ. ನಂತರ ಪಂದ್ಯದ ಟಿವಿ ಹಕ್ಕಿಲ್ಲದ ಎಬಿಸಿ ಮತ್ತು ಗಾರ್ಡಿಯನ್ ಆಸ್ಟ್ರೇಲಿಯಾ ನೋಡಿ. ಬ್ರಾಂಕೋಸ್ ಬಗ್ಗೆ ಬ್ರಿಸ್ಬೇನ್ ಪತ್ರಿಕೆಯ ಜೊತೆ ಸಿಡ್ನಿಯದನ್ನೂ ಓದಿ. ಇಂಗ್ಲೆಂಡಿನಲ್ಲಿದ್ದರೆ ಸ್ಥಳೀಯ ಪತ್ರಿಕೆಗೆ ಚಂದಾ ಕಟ್ಟಿ. ಓದುಗರಿಲ್ಲವೆಂಬ ಕಾರಣಕ್ಕೇ ಅಲ್ಲಿನ ಲೀಗ್ ವರದಿಗಾರರ ಹುದ್ದೆಗಳು ಹೋಗುತ್ತಿವೆ. ಕರ್ನಾಟಕದಲ್ಲಿ ಕುಳಿತು ಹಿಂಬಾಲಿಸುವವರು ಮೊದಲು ಪೂರ್ತಿ ಪಂದ್ಯ ನೋಡಿ, ಸುದ್ದಿ ಆಮೇಲೆ ಓದಿ. ಯಾವ ಪಂದ್ಯದಿಂದ ಶುರುಮಾಡಲಿ ಎಂದು ಕೇಳಿದರೆ 2025ರ ಅಕ್ಟೋಬರ್ 5ರ ಎನ್‌ಆರ್‌ಎಲ್ ಫೈನಲ್ ಹೇಳುತ್ತೇನೆ: ಬ್ರಾಂಕೋಸ್ 26, ಸ್ಟಾರ್ಮ್ 22. ಒಂದು ತಂಡ ಈಗಲೂ ನ್ಯೂಸ್ ಕಾರ್ಪ್‌ನದು, ಇನ್ನೊಂದು ಹಿಂದೆ ಅವರದಾಗಿತ್ತು. ಅದನ್ನು ಒಂದು ಗಳಿಗೆ ಮರೆತು ರೀಸ್ ವಾಲ್ಷ್ ಓಟವನ್ನು ನೋಡಿ.